ಉಪಗ್ರಹ ಗುರಿ ತಲುಪಿದ ಮೇಲೂ ತೂಗುತ್ತಿದ್ದರೆ: ಗೇನ್ ಮುಟ್ಟುವ ಮೊದಲು

ಲಕ್ಷಣ ಹೀಗಿದೆ. ಸಿಮ್ಯುಲೇಶನ್‌ನಲ್ಲಿ ನೌಕೆಗೆ 30 ಡಿಗ್ರಿ ತಿರುಗುವಂತೆ ಆದೇಶ ಕೊಡುತ್ತೀರಿ. ಅದು ತಿರುಗುತ್ತದೆ, ಗುರಿಯ ಬಳಿಗೂ ಬರುತ್ತದೆ, ಆದರೆ ಅಲ್ಲಿ ನಿಲ್ಲುವುದಿಲ್ಲ. ಸುಮಾರು 14 ಸೆಕೆಂಡಿಗೊಮ್ಮೆ ಅತ್ತಿತ್ತ ತೂಗುತ್ತದೆ. ಹತ್ತು ನಿಮಿಷ ಕಾದರೂ ತೂಗಾಟ ಇಳಿಯುವುದಿಲ್ಲ, ನಿಧಾನವಾಗಿ ಏರುತ್ತಲೇ ಹೋಗುತ್ತದೆ.

ಸಂಶೋಧನೆಯ ಎರಡನೇ ವರ್ಷದಲ್ಲಿ ಇದು ನನ್ನ ಮೂರು ವಾರಗಳನ್ನು ತಿಂದುಹಾಕಿತು. ಮಾದರಿ ಅಷ್ಟೇನೂ ವಿಚಿತ್ರವಾದದ್ದಲ್ಲ: ನಡುವೆ ಗಟ್ಟಿಯಾದ ಒಡಲು, ಎರಡೂ ಬದಿಗೆ ಉದ್ದನೆಯ, ಬಳುಕುವ ಸೌರಫಲಕ, ಒಳಗೆ ನಾಲ್ಕು ರಿಯಾಕ್ಷನ್ ವ್ಹೀಲ್ (ತಾವು ಒಂದು ಕಡೆ ತಿರುಗಿ ನೌಕೆಯನ್ನು ಇನ್ನೊಂದು ಕಡೆ ತಿರುಗಿಸುವ ಚಕ್ರಗಳು), ತಿರುಗುವ ವೇಗ ಅಳೆಯಲು ಒಂದು ಗೈರೊ ಮತ್ತು ನಕ್ಷತ್ರ ನೋಡಿ ದಿಕ್ಕು ಅಳೆಯಲು ಒಂದು ಸ್ಟಾರ್ ಟ್ರ್ಯಾಕರ್. ನಿಯಂತ್ರಣ ಸೂತ್ರವೂ ಪಠ್ಯಪುಸ್ತಕದ್ದೇ. ಕ್ವಾಟರ್ನಿಯನ್ (ನೌಕೆಯ ದಿಕ್ಕನ್ನು ಹೇಳುವ ನಾಲ್ಕು ಅಂಕಿಗಳ ಗುಂಪು) ದೋಷಕ್ಕೆ ಒಂದು ಗೇನ್, ಅಂದರೆ ಎಷ್ಟು ಬಲವಾಗಿ ತಿದ್ದಬೇಕು ಎಂದು ಹೇಳುವ ಗುಣಕ, ಕೋನೀಯ ವೇಗಕ್ಕೆ ಇನ್ನೊಂದು. ಅಳೆದು ತಿದ್ದುವ ಈ ಲೂಪ್ ಸೆಕೆಂಡಿಗೆ ಒಂದು ಬಾರಿ ಓಡುತ್ತಿತ್ತು. ಅದರ ಬ್ಯಾಂಡ್‌ವಿಡ್ತ್, ಅಂದರೆ ಅದು ಹಿಂಬಾಲಿಸಬಲ್ಲ ಅತಿ ವೇಗದ ಏರಿಳಿತ, 0.05 ಹರ್ಟ್ಸ್.

ಮೊದಲ ವಾರವಿಡೀ ಗೇನ್ ತಿರುಚಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಕೆಲಸ ಅದು. ಗೇನ್ ಅರ್ಧಕ್ಕೆ ಇಳಿಸಿದರೆ ಏರಿಕೆ ನಿಲ್ಲುತ್ತಿತ್ತು, ನಾನು ನಿಟ್ಟುಸಿರು ಬಿಡುತ್ತಿದ್ದೆ. ಆದರೆ ಆಗ ನೌಕೆ ಗುರಿ ತಲುಪಲು ತೆಗೆದುಕೊಳ್ಳುವ ಸಮಯ ಪ್ರಬಂಧದಲ್ಲಿ ಬರೆಯಲು ನಾಚಿಕೆಯಾಗುವಷ್ಟು ಹೆಚ್ಚುತ್ತಿತ್ತು. ಗೇನ್ ತಿರುಚಿದಾಗ ದೋಷ ಮರೆಯಾಗಬಹುದು. ಕಾರಣ ಎಲ್ಲಿದೆ ಎಂದು ಮಾತ್ರ ತಿಳಿಯುವುದಿಲ್ಲ. ನಾನು ಅನುಸರಿಸಬೇಕಾಗಿದ್ದ ಕ್ರಮ ಇಲ್ಲಿದೆ.

ಮೊದಲು ನಿಯಂತ್ರಣವನ್ನೇ ತೆಗೆದುಹಾಕಿ

ಟಾರ್ಕ್ (ತಿರುಗಿಸುವ ಬಲ) ಸೊನ್ನೆ ಮಾಡಿ, ವ್ಹೀಲ್‌ಗಳನ್ನು ನಿಲ್ಲಿಸಿ, ಗುರುತ್ವದ ಮತ್ತು ಸೂರ್ಯನ ಬೆಳಕಿನ ಒತ್ತಡಗಳನ್ನು ತೆಗೆದುಬಿಡಿ. ನೌಕೆಗೆ ಮೂರೂ ಅಕ್ಷಗಳಲ್ಲಿ ಒಂದಿಷ್ಟು ಕೋನೀಯ ವೇಗ ಕೊಟ್ಟು ಅದರ ಪಾಡಿಗೆ ಬಿಡಿ. ಈಗ ಎರಡು ರಾಶಿಗಳನ್ನು ಗಮನಿಸಬೇಕು. ನಕ್ಷತ್ರಗಳಿಗೆ ಹೋಲಿಸಿ ಸ್ಥಿರವಾದ ಚೌಕಟ್ಟಿನಲ್ಲಿ ಅಳೆದ ಕೋನೀಯ ಸಂವೇಗದ ಮೂರೂ ಘಟಕಗಳು ಅಲುಗಾಡಬಾರದು. ಅದರ ಗಾತ್ರ ಮಾತ್ರ ಸ್ಥಿರವಾಗಿದ್ದರೆ ಸಾಲದು, ದಿಕ್ಕೂ ಬದಲಾಗಬಾರದು. ಒಡಲು ಪೂರ್ತಿ ಗಟ್ಟಿಯಾಗಿದ್ದರೆ ಚಲನಶಕ್ತಿಯೂ ಬದಲಾಗಬಾರದು; ಫಲಕಕ್ಕೆ ಡ್ಯಾಂಪಿಂಗ್ (ಕಂಪನವನ್ನು ತಾನೇ ತಣಿಸುವ ಗುಣ) ಇದ್ದರೆ ಒಟ್ಟು ಶಕ್ತಿ ಇಳಿಯಬಹುದು, ಎಂದೂ ಏರಬಾರದು.

ಗಾತ್ರ ಸರಿಯಿದ್ದು ದಿಕ್ಕು ಸುತ್ತುತ್ತಿದ್ದರೆ ಕ್ವಾಟರ್ನಿಯನ್ ಸಮೀಕರಣದಲ್ಲೋ, ಚೌಕಟ್ಟು ಬದಲಿಸುವ ಮ್ಯಾಟ್ರಿಕ್ಸ್‌ನಲ್ಲೋ, ಒಡಲಿನ ತಿರುಗುವಿಕೆಯನ್ನು ವಿವರಿಸುವ ಆಯ್ಲರ್ ಸಮೀಕರಣದ ಕ್ರಾಸ್ ಗುಣಲಬ್ಧದ ಚಿಹ್ನೆಯಲ್ಲೋ ತಪ್ಪಿದೆ. ಬಹುತೇಕ ಸಂದರ್ಭಗಳಲ್ಲಿ ಮ್ಯಾಟ್ರಿಕ್ಸ್ ಅಡ್ಡ ಮಗುಚಿರುತ್ತದೆ, ಅಂದರೆ ಅದರ ಅಡ್ಡಸಾಲು ಕಂಬಸಾಲುಗಳು ಅದಲುಬದಲಾಗಿರುತ್ತವೆ. ಗಾತ್ರವೇ ಬದಲಾಗುತ್ತಿದ್ದರೆ ಅದೇ ಕ್ರಾಸ್ ಗುಣಲಬ್ಧದ ಒಳಗಿನ ಪದಗಳನ್ನು ನೋಡಿ. ವ್ಹೀಲ್ ಸೇರಿಸಿದ ಮೇಲೆ ಅದೇ ಪದದೊಳಗೆ ವ್ಹೀಲ್‌ಗಳ ಸಂವೇಗವೂ ಬರಬೇಕು. ಅದನ್ನು ಮರೆತ ಕೋಡ್ ವ್ಹೀಲ್ ನಿಂತಿರುವಷ್ಟು ಹೊತ್ತು ಸರಿಯಾಗಿಯೇ ಓಡುತ್ತದೆ, ವ್ಹೀಲ್ ವೇಗ ಹಿಡಿದ ಕೂಡಲೇ ಕೆಡುತ್ತದೆ.

ಶಕ್ತಿ ಇಳಿಯುತ್ತ ಸಂವೇಗ ಉಳಿಯುವ ಸ್ಥಿತಿಯನ್ನು ಹಗುರವಾಗಿ ಕಾಣಬೇಡಿ. 1958ರಲ್ಲಿ ಹಾರಿದ ಎಕ್ಸ್‌ಪ್ಲೋರರ್ 1 ಉದ್ದನೆಯ ಕೊಳವೆಯಂತಿತ್ತು. ಉದ್ದದ ಅಕ್ಷದ ಸುತ್ತ, ಅಂದರೆ ಜಡತ್ವ ಅತ್ಯಂತ ಕಡಿಮೆಯಿರುವ ಅಕ್ಷದ ಸುತ್ತ, ಬುಗುರಿಯಂತೆ ತಿರುಗಬೇಕಿತ್ತು. ಬಳುಕುವ ಆಂಟೆನಾಗಳು ಶಕ್ತಿಯನ್ನು ಕರಗಿಸಿದವು, ಕೆಲವೇ ಗಂಟೆಗಳಲ್ಲಿ ಅದು ಅಡ್ಡಬಿದ್ದು ಸುತ್ತತೊಡಗಿತು. ನಿಮ್ಮ ಮಾದರಿಯಲ್ಲಿ ಡ್ಯಾಂಪಿಂಗ್ ಇರುವ ಫಲಕ ಸೇರಿಸಿ, ಕಡಿಮೆ ಜಡತ್ವದ ಅಕ್ಷದ ಸುತ್ತ ತಿರುಗಿಸಿ ಬಿಟ್ಟರೆ ಅದೂ ಹೀಗೆ ಅಡ್ಡಬೀಳಬೇಕು. ಬೀಳದಿದ್ದರೆ ಮಾದರಿಯನ್ನು ನಂಬಬೇಡಿ. ಮಧ್ಯಮ ಜಡತ್ವದ ಅಕ್ಷದ ಸುತ್ತ ತಿರುಗಿಸಿ ಸ್ವಲ್ಪ ತಟ್ಟಿದರೆ, ಡ್ಯಾಂಪಿಂಗ್ ಇಲ್ಲದಿದ್ದರೂ ನೌಕೆ ಪದೇ ಪದೇ ಪಲ್ಟಿ ಹೊಡೆಯಬೇಕು. ಸೋವಿಯತ್ ಗಗನಯಾತ್ರಿ ಜಾನಿಬೆಕೋವ್ 1985ರಲ್ಲಿ ಸಲ್ಯೂತ್ 7 ಬಾಹ್ಯಾಕಾಶ ನಿಲ್ದಾಣದೊಳಗೆ ರೆಕ್ಕೆಯುಳ್ಳ ನಟ್ ಒಂದರಲ್ಲಿ ಕಂಡದ್ದು ಇದನ್ನೇ.

ಇದೇ ಹಂತದಲ್ಲಿ ಜಡತ್ವ ಮ್ಯಾಟ್ರಿಕ್ಸ್ ಮೇಲೂ ಕಣ್ಣಾಡಿಸಿ. ಮುಖ್ಯ ಅಕ್ಷಗಳ ಮೂರು ಜಡತ್ವಗಳಲ್ಲಿ ಯಾವ ಎರಡನ್ನು ಕೂಡಿದರೂ ಮೂರನೆಯದಕ್ಕಿಂತ ಕಡಿಮೆಯಾಗುವಂತಿಲ್ಲ. 120, 95, 240 ಎಂದು ಬರೆದಿದ್ದರೆ ಅಂಥ ವಸ್ತುವೇ ಜಗತ್ತಿನಲ್ಲಿಲ್ಲ. 120 ಮತ್ತು 95 ಸೇರಿದರೆ 215 ಅಷ್ಟೇ. ವಿನ್ಯಾಸ ತಂತ್ರಾಂಶಗಳಿಂದ ಬರುವ ಅಡ್ಡ ಪದಗಳ (ಮ್ಯಾಟ್ರಿಕ್ಸ್‌ನ ಕರ್ಣದ ಹೊರಗಿನ ಅಂಕಿಗಳ) ಚಿಹ್ನೆಯೂ ತಂತ್ರಾಂಶದಿಂದ ತಂತ್ರಾಂಶಕ್ಕೆ ಬೇರೆ. ಕೆಲವು ಗುಣಲಬ್ಧವನ್ನು ಹಾಗೆಯೇ ಕೊಡುತ್ತವೆ, ಕೆಲವು ಋಣ ಚಿಹ್ನೆ ಹಚ್ಚಿ ಕೊಡುತ್ತವೆ.

ನನ್ನ ಮಾದರಿ ಈ ಹಂತವನ್ನು ದಾಟಿತು. ಹೀಗಾಗಿ ದೋಷ ಒಡಲಿನಲ್ಲಿಲ್ಲ ಎಂದಾಯಿತು.

ಚಿಹ್ನೆ

ಒಂದೊಂದೇ ಅಕ್ಷದಲ್ಲಿ 1 ಡಿಗ್ರಿ ದೋಷ ಕೊಟ್ಟು, ಮೊದಲ ಟಾರ್ಕ್ ಯಾವ ಕಡೆಗೆ ಬರುತ್ತದೆ ಎಂದು ಕಾಗದದ ಮೇಲೆ ಬರೆದುಕೊಳ್ಳಿ. ಮೂರು ಅಕ್ಷ, ಎರಡು ದಿಕ್ಕು, ಒಟ್ಟು ಆರು ಓಟ. ಅರ್ಧ ಗಂಟೆಯ ಕೆಲಸ. ಕ್ವಾಟರ್ನಿಯನ್‌ನ ಅದಿಶ ಘಟಕ ಒಂದು ಕೋಡ್ ಲೈಬ್ರರಿಯಲ್ಲಿ ಮೊದಲು ಬರುತ್ತದೆ, ಇನ್ನೊಂದರಲ್ಲಿ ಕೊನೆಗೆ. ಎರಡನ್ನೂ ಒಂದೇ ಕೋಡ್‌ನಲ್ಲಿ ಬಳಸಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. ಕ್ವಾಟರ್ನಿಯನ್‌ನ ನಾಲ್ಕೂ ಅಂಕಿಗಳ ಚಿಹ್ನೆ ತಿರುಗಿಸಿದರೂ ಅದು ಸೂಚಿಸುವ ದಿಕ್ಕು ಬದಲಾಗುವುದಿಲ್ಲ. ಆದರೆ ನಿಯಂತ್ರಕಕ್ಕೆ ಅದು ಗೊತ್ತಿಲ್ಲದಿದ್ದರೆ 10 ಡಿಗ್ರಿ ತಿರುಗಬೇಕಾದ ಕಡೆ ಎದುರು ದಾರಿಯಲ್ಲಿ 350 ಡಿಗ್ರಿ ಸುತ್ತಿ ಬರುತ್ತದೆ. ದೋಷ ಕ್ವಾಟರ್ನಿಯನ್‌ನ ಅದಿಶ ಘಟಕ ಋಣವಾಗಿದ್ದರೆ ನಾಲ್ಕನ್ನೂ ತಿರುಗಿಸಿ ಬಳಸುವುದು ಪರಿಹಾರ.

ಚಿಹ್ನೆಯ ತಪ್ಪು ಕಲಿಯುವವರಿಗೆ ಮಾತ್ರ ಮೀಸಲಾದದ್ದೇನೂ ಅಲ್ಲ. ಜಪಾನಿನ ಹಿಟೊಮಿ ಎಕ್ಸ್‌ಕಿರಣ ವೀಕ್ಷಣಾಲಯ 2016ರ ಫೆಬ್ರವರಿ 17ರಂದು ಹಾರಿ, ಮಾರ್ಚ್ 26ರಂದು ಕೈತಪ್ಪಿತು. ನೌಕೆ ನಿಂತಿದ್ದರೂ ಗಂಟೆಗೆ 21.7 ಡಿಗ್ರಿ ತಿರುಗುತ್ತಿದೆ ಎಂದು ಅದರ ಅಂದಾಜು ವ್ಯವಸ್ಥೆ ನಂಬಿತು. ಇಲ್ಲದ ತಿರುಗುವಿಕೆಯನ್ನು ತಡೆಯಲು ಹೋಗಿ ನಿಜವಾಗಿಯೇ ತಿರುಗತೊಡಗಿತು. ಕಾಪಾಡಬೇಕಾದ ಥ್ರಸ್ಟರ್‌ಗಳ (ಸಣ್ಣ ರಾಕೆಟ್‌ಗಳ) ನಿಯಂತ್ರಣ ಅಂಕಿಗಳೂ ತಪ್ಪಾಗಿದ್ದವು, ಸುತ್ತು ಇನ್ನಷ್ಟು ಹೆಚ್ಚಿತು, ಸೌರಫಲಕಗಳು ಮುರಿದವು.

ಮಾನದ ತಪ್ಪೂ ಇದೇ ಜಾತಿಯದು. 1999ರ ಸೆಪ್ಟೆಂಬರ್‌ನಲ್ಲಿ ಕಳೆದುಹೋದ ನಾಸಾದ ಮಂಗಳ ನೌಕೆ ಮಾರ್ಸ್ ಕ್ಲೈಮೇಟ್ ಆರ್ಬಿಟರ್‌ನ ಕಥೆ ಎಲ್ಲರಿಗೂ ಗೊತ್ತು: ಪೌಂಡ್ ಬಲದ ಸೆಕೆಂಡನ್ನು ನ್ಯೂಟನ್ ಸೆಕೆಂಡ್ ಎಂದು ಓದಿದ್ದರಿಂದ 4.45 ಪಟ್ಟು ವ್ಯತ್ಯಾಸ. ಆ ತಳ್ಳುವಿಕೆಗಳು ಬಂದದ್ದು ಎಲ್ಲಿಂದ ಎಂಬುದನ್ನು ಹೆಚ್ಚಿನವರು ಹೇಳುವುದಿಲ್ಲ. ನಮ್ಮ ವಿಷಯದಿಂದಲೇ ಬಂದವು. ಸೌರಫಲಕ ಒಂದೇ ಬದಿಗಿದ್ದುದರಿಂದ ಸೂರ್ಯನ ಬೆಳಕಿನ ಒತ್ತಡ ನೌಕೆಯನ್ನು ತಿರುಗಿಸುತ್ತಿತ್ತು, ವ್ಹೀಲ್‌ಗಳಲ್ಲಿ ಸಂವೇಗ ತುಂಬುತ್ತಿತ್ತು, ಅದನ್ನು ಖಾಲಿ ಮಾಡಲು ಮತ್ತೆ ಮತ್ತೆ ಥ್ರಸ್ಟರ್ ಉರಿಸಬೇಕಾಗುತ್ತಿತ್ತು.

ದೋಷ ಯಾವ ಗಡಿಯಾರ ನೋಡಿ ನಡೆಯುತ್ತಿದೆ?

ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಪ್ರಶ್ನೆ ಇದು. ಪ್ರತಿ ದೋಷವೂ ಯಾವುದೋ ಒಂದು ಗಡಿಯಾರಕ್ಕೆ ಕಟ್ಟುಬಿದ್ದಿರುತ್ತದೆ. ಗಡಿಯಾರ ಸಿಕ್ಕರೆ ಅರ್ಧ ಕೆಲಸ ಮುಗಿಯಿತು.

ಕಕ್ಷೆಯ ಒಂದು ಸುತ್ತಿಗೆ ಎರಡು ಬಾರಿ ಬಂದು ಹೋಗುತ್ತಿದ್ದರೆ, ನಕ್ಷತ್ರದ ಕಡೆ ಮುಖ ಮಾಡಿ ನಿಂತ ನೌಕೆಯಲ್ಲಿ ಅದು ಗುರುತ್ವದ ಏರಿಳಿತದ ಟಾರ್ಕ್. ಬಿಸಿಲಿನಿಂದ ನೆರಳಿಗೆ, ನೆರಳಿನಿಂದ ಬಿಸಿಲಿಗೆ ದಾಟುವಾಗ ನಡುಗಿದರೆ ತಾಪಮಾನವನ್ನು ನೋಡಿ. ಹಬಲ್ ದೂರದರ್ಶಕ 1990ರಲ್ಲಿ ಹಾರಿದಾಗ ಅದರ ಸೌರಫಲಕಗಳು ಪ್ರತಿ ಸುತ್ತಿನಲ್ಲೂ ಹೀಗೆಯೇ ಬಳುಕಿ ಇಡೀ ನೌಕೆಯನ್ನು ಅಲುಗಾಡಿಸುತ್ತಿದ್ದವು. 1993ರ ಡಿಸೆಂಬರ್‌ನಲ್ಲಿ ಗಗನಯಾತ್ರಿಗಳು ಹೊಸ ಫಲಕ ಜೋಡಿಸಿದರು. ದೋಷದ ಮುಳ್ಳುಗಳು ಯಾವುದೋ ವ್ಹೀಲ್‌ನ ವೇಗ ಸೊನ್ನೆ ದಾಟುವ ಕ್ಷಣಕ್ಕೆ ಸರಿಹೊಂದಿದರೆ ಅದು ಘರ್ಷಣೆ. ಕಂಪನ ವ್ಹೀಲ್ ವೇಗದೊಂದಿಗೆ ಏರುತ್ತಿದ್ದರೆ ವ್ಹೀಲ್‌ನ ಅಸಮತೋಲನ; ಅದರ ಬಲ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ.

ದೋಷ ಅಲುಗದೆ ಒಂದೇ ಕಡೆ ನಿಂತಿದ್ದರೆ? ಆಗಲೂ ಅಂಕಿಯನ್ನು ನೋಡಿ. ಭೂಮಿಯ ಕಡೆ ಮುಖ ಮಾಡಿದ ನೌಕೆಯಲ್ಲಿ, ಕಕ್ಷೆಯ ಸಮತಲದೊಳಗೆ ಸುಮಾರು 1.1 ಡಿಗ್ರಿ ಸ್ಥಿರ ದೋಷ ಕಂಡರೆ ನಾನು ಮೊದಲು ಸಮಯವನ್ನೇ ಸಂಶಯಿಸುತ್ತೇನೆ. ಜಿಪಿಎಸ್ ಸಮಯ 2017ರಿಂದ ಜಗತ್ತಿನ ಪ್ರಮಾಣ ಸಮಯವಾದ ಯುಟಿಸಿಗಿಂತ 18 ಸೆಕೆಂಡು ಮುಂದಿದೆ. 500 ಕಿಲೋಮೀಟರ್ ಎತ್ತರದ ಕಕ್ಷೆಯಲ್ಲಿ ಅಷ್ಟು ಹೊತ್ತಿಗೆ ನೌಕೆ ಸುಮಾರು 137 ಕಿಲೋಮೀಟರ್ ಸಾಗಿರುತ್ತದೆ. ಸುತ್ತಿನ ಲೆಕ್ಕದಲ್ಲಿ ಅದು 1.14 ಡಿಗ್ರಿ.

ನನ್ನ 14 ಸೆಕೆಂಡು ಇವುಗಳಲ್ಲಿ ಯಾವುದಕ್ಕೂ ಹೊಂದಲಿಲ್ಲ. ಲೂಪ್ ತಾನೇ ಅಸ್ಥಿರವಾಗಿದ್ದರೆ ಗೇನ್ ಬದಲಿಸಿದಾಗ ತೂಗಾಟದ ಅವಧಿಯೂ ಬದಲಾಗಬೇಕಿತ್ತು. ಮೊದಲ ವಾರದ ಕಡತಗಳನ್ನು ತೆರೆದು ನೋಡಿದರೆ, ಗೇನ್ ಎಷ್ಟಿದ್ದರೂ 14 ಸೆಕೆಂಡೇ. ಆ ಕಡತಗಳಲ್ಲಿ ಉತ್ತರದ ಅರ್ಧ ಭಾಗ ಮೊದಲಿನಿಂದಲೂ ಇತ್ತು, ನಾನು ಎತ್ತರವನ್ನು ಮಾತ್ರ ನೋಡುತ್ತಿದ್ದೆ.

ಅಂದಾಜನ್ನು ಬದಿಗಿಡಿ

ಗೈರೊ, ಸ್ಟಾರ್ ಟ್ರ್ಯಾಕರ್, ಅವುಗಳ ಅಳತೆಗಳನ್ನು ಬೆರೆಸಿ ದಿಕ್ಕನ್ನು ಅಂದಾಜಿಸುವ ಕಾಲ್ಮನ್ ಫಿಲ್ಟರ್ ಎಲ್ಲವನ್ನೂ ದಾಟಿ, ಸಿಮ್ಯುಲೇಶನ್‌ಗೆ ಗೊತ್ತಿರುವ ನಿಜವಾದ ದಿಕ್ಕು ಮತ್ತು ವೇಗವನ್ನು ನೇರವಾಗಿ ನಿಯಂತ್ರಕಕ್ಕೆ ಉಣಿಸಿ. ಕಕ್ಷೆಯಲ್ಲಿರುವ ನೌಕೆಯಲ್ಲಿ ಈ ಸುಖವಿಲ್ಲ, ನಮಗಿದೆ. ದೋಷ ಮಾಯವಾದರೆ ಅಂದಾಜಿನ ಕಡೆ ಹುಡುಕಿ: ಫಿಲ್ಟರ್‌ನ ಊಹೆಗೂ ಅಳತೆಗೂ ಇರುವ ವ್ಯತ್ಯಾಸ ಗೊತ್ತುಗುರಿಯಿಲ್ಲದ ಗದ್ದಲದಂತಿರಬೇಕು, ಅದರಲ್ಲಿ ಲಯವೋ ಒಂದೇ ಕಡೆಗಿನ ವಾಲುವಿಕೆಯೋ ಕಂಡರೆ ತಪ್ಪು ಅಲ್ಲೇ ಇದೆ. ತಿರುಗುವಾಗ ಮಾತ್ರ ದೋಷ ಬಂದು, ನಿಂತಾಗ ಹೋಗುತ್ತಿದ್ದರೆ ಸ್ಟಾರ್ ಟ್ರ್ಯಾಕರ್‌ನ ವಿಳಂಬ. ಸೆಕೆಂಡಿಗೆ 0.5 ಡಿಗ್ರಿ ತಿರುಗುವಾಗ 0.2 ಸೆಕೆಂಡಿನ ವಿಳಂಬ 0.1 ಡಿಗ್ರಿ ತಪ್ಪಿಗೆ ಸಮ.

ನನ್ನ ದೋಷ ಮಾಯವಾಗಲಿಲ್ಲ. ನಿಜವನ್ನೇ ಉಣಿಸಿದರೂ ತೂಗಾಟ ಹಾಗೆಯೇ ಉಳಿಯಿತು. ಆಗ ಉಳಿದದ್ದು ಎರಡೇ, ಗಣನೆಯ ವಿಧಾನ ಮತ್ತು ನಿಯಂತ್ರಕ ಅಳೆಯುವ ವೇಗ.

ಗಣನೆಯ ವಿಷಯ ಬೇಗ ಮುಗಿಸೋಣ. ಸಿಮ್ಯುಲೇಶನ್ ಒಮ್ಮೆಗೆ ಮುಂದಿಡುವ ಸಮಯದ ಹೆಜ್ಜೆಯನ್ನು ಅರ್ಧ ಮಾಡಿ. ಉತ್ತರ ಬದಲಾದರೆ ಹೆಜ್ಜೆ ದೊಡ್ಡದಾಗಿತ್ತು. ಚಲನೆಯನ್ನು ಹೆಜ್ಜೆ ಹೆಜ್ಜೆಯಾಗಿ ಲೆಕ್ಕಹಾಕುವ ನಾಲ್ಕನೇ ದರ್ಜೆಯ ರುಂಗೆ-ಕುಟ್ಟ ವಿಧಾನದಲ್ಲಿ ಅತಿ ವೇಗದ ಕಂಪನದ ಕೋನೀಯ ಆವರ್ತನವನ್ನು ಹೆಜ್ಜೆಯಿಂದ ಗುಣಿಸಿದರೆ ಸುಮಾರು 2.8 ಮೀರಬಾರದು. 50 ಹರ್ಟ್ಸ್ ಕಂಪನವಿದ್ದರೆ ಹೆಜ್ಜೆ 9 ಮಿಲಿಸೆಕೆಂಡಿಗಿಂತ ಕಡಿಮೆ ಇರಬೇಕು, ನಿಖರತೆ ಬೇಕಿದ್ದರೆ ಇನ್ನೂ ಕಡಿಮೆ.

ತಪ್ಪನ್ನು ಸರಿಪಡಿಸಿದ ದಿನ ಬಂದ ದೋಷ

ಇಲ್ಲಿ ಒಂದು ತಪ್ಪೊಪ್ಪಿಗೆ. ಈ ತೂಗಾಟ ಶುರುವಾದದ್ದು ನಾನು ಇನ್ನೊಂದು ತಪ್ಪನ್ನು ಸರಿಪಡಿಸಿದ ದಿನ. ಅದುವರೆಗೆ ನನ್ನ ನಿಯಂತ್ರಕ ರುಂಗೆ-ಕುಟ್ಟದ ಒಳಗೆ ಕುಳಿತಿತ್ತು: ಪ್ರತಿ ಹೆಜ್ಜೆಯ ನಾಲ್ಕು ಉಪಹಂತಗಳಲ್ಲೂ ಹೊಸದಾಗಿ ಅಳೆದು ಹೊಸ ಟಾರ್ಕ್ ಕೊಡುತ್ತಿತ್ತು. ಹೆಸರಿಗೆ ಸೆಕೆಂಡಿಗೊಂದು ಬಾರಿ ಓಡುವ ನಿಯಂತ್ರಕ, ನಿಜದಲ್ಲಿ ಎಡೆಬಿಡದೆ ಓಡುತ್ತಿತ್ತು. ಅದನ್ನು ಹೊರಗೆ ತಂದು, ಸೆಕೆಂಡಿಗೊಮ್ಮೆ ಕರೆದು, ಮುಂದಿನ ಸೆಕೆಂಡಿನವರೆಗೆ ಟಾರ್ಕನ್ನು ಹಿಡಿದಿಟ್ಟೆ. ಅಂದೇ ತೂಗಾಟ ಬಂತು. ಹೊಸ ಕೋಡ್ ತಪ್ಪು, ಹಳೆಯದೇ ಸರಿ ಎಂದು ಎರಡು ದಿನ ನಂಬಿದ್ದೆ, ಏಕೆಂದರೆ ಹಳೆಯ ಚಿತ್ರಗಳು ಅಷ್ಟು ಚೆನ್ನಾಗಿದ್ದವು.

ಸೆಕೆಂಡಿಗೊಮ್ಮೆ ಮಾತ್ರ ಕಣ್ಣು ತೆರೆಯುವವನ ಮುಂದೆ ಫಲಕವೊಂದು ಸೆಕೆಂಡಿಗೆ 0.93 ಬಾರಿ ಆಡುತ್ತಿದೆ ಎಂದುಕೊಳ್ಳಿ. ಪ್ರತಿ ಬಾರಿ ಕಣ್ಣು ತೆರೆದಾಗಲೂ ಫಲಕ ಹಿಂದಿನ ಜಾಗಕ್ಕಿಂತ ಸ್ವಲ್ಪ ಹಿಂದೆ ಉಳಿದಿರುತ್ತದೆ. ಅವನಿಗೆ ಕಾಣುವುದು 1 ಕಳೆ 0.93, ಅಂದರೆ 0.07 ಹರ್ಟ್ಸ್‌ನ ನಿಧಾನದ ತೂಗಾಟ; ಅವಧಿ 14.3 ಸೆಕೆಂಡು. ಚಲನಚಿತ್ರದಲ್ಲಿ ಗಾಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುವುದೂ ಹೀಗೆಯೇ. ನಾನು ಚಿತ್ರಿಸುತ್ತಿದ್ದದ್ದು ನಿಯಂತ್ರಕ ಕಂಡ ಬಿಂದುಗಳನ್ನು ಮಾತ್ರ. ನೌಕೆ ನಿಜವಾಗಿ ಏನು ಮಾಡುತ್ತಿದೆ ಎಂಬುದನ್ನು ಚಿತ್ರಿಸಿಯೇ ಇರಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಈ ಸಂಶಯ ಎರಡನೇ ವಾರವೇ ಹೊಳೆದಿತ್ತು, ಒಂದು ಕೋಷ್ಟಕ ನೋಡಿ ಕೈಬಿಟ್ಟಿದ್ದೆ. ಫಲಕದ ಮೊದಲ ಬಾಗುವ ಕಂಪನ 0.79 ಹರ್ಟ್ಸ್ ಎಂದು ಅದರಲ್ಲಿತ್ತು. 1 ಕಳೆ 0.79 ಎಂದರೆ 0.21, ಅವಧಿ 4.8 ಸೆಕೆಂಡು, 14ಕ್ಕೆ ಹತ್ತಿರವೂ ಇಲ್ಲ. ಕೋಷ್ಟಕ ಸರಿಯಾಗಿಯೇ ಇತ್ತು, ನಾನು ಓದಿದ್ದು ತಪ್ಪು. 0.79 ಎಂಬುದು ಫಲಕದ ಬುಡವನ್ನು ಗೋಡೆಗೆ ಬಿಗಿದಾಗಿನ ಅಂಕಿ. ನೌಕೆ ಗೋಡೆಯಲ್ಲ. ಫಲಕ ಅತ್ತ ಬಾಗಿದರೆ ಒಡಲು ಇತ್ತ ತಿರುಗುತ್ತದೆ, ಹೀಗಾಗಿ ಕಂಪನ ವೇಗವಾಗುತ್ತದೆ. ಎಷ್ಟು ವೇಗ ಎಂಬುದು ಆ ಕಂಪನದಲ್ಲಿ ಪಾಲ್ಗೊಳ್ಳುವ ಜಡತ್ವ ಒಟ್ಟು ಜಡತ್ವದ ಎಷ್ಟು ಭಾಗ ಎಂಬುದರ ಮೇಲೆ ನಿಂತಿದೆ. ಆ ಭಾಗವನ್ನು ಒಂದರಿಂದ ಕಳೆದು, ವರ್ಗಮೂಲ ತೆಗೆದು, ಗೋಡೆಗೆ ಬಿಗಿದ ಅಂಕಿಯನ್ನು ಅದರಿಂದ ಭಾಗಿಸಬೇಕು. ನನ್ನ ಮಾದರಿಯಲ್ಲಿ ಭಾಗ 0.28, ವರ್ಗಮೂಲ 0.85, 0.79 ಹೋಗಿ 0.93 ಆಯಿತು. ಒಡಲು ಚಿಕ್ಕದಾಗಿ ಫಲಕ ದೊಡ್ಡದಾದಷ್ಟೂ ಈ ಅಂತರ ಹಿಗ್ಗುತ್ತದೆ, ಈಗಿನ ನೌಕೆಗಳು ಆ ಕಡೆಗೇ ಸಾಗುತ್ತಿವೆ.

ಖಚಿತಪಡಿಸುವ ಪರೀಕ್ಷೆ ಸುಲಭ. ಅಳೆಯುವ ವೇಗ ಬದಲಿಸಿ. ಸೆಕೆಂಡಿಗೆ 0.8 ಬಾರಿ ಅಳೆದರೆ ಸುಳ್ಳು ತೂಗಾಟ 0.13 ಹರ್ಟ್ಸ್‌ಗೆ, ಅಂದರೆ 7.7 ಸೆಕೆಂಡಿಗೆ ಜಿಗಿಯಬೇಕು. ಜಿಗಿಯಿತು. ಸೆಕೆಂಡಿಗೆ 4 ಬಾರಿ ಅಳೆದಾಗ 0.93 ಹರ್ಟ್ಸ್ ತನ್ನ ನಿಜರೂಪದಲ್ಲೇ ಕಾಣಿಸಿಕೊಂಡಿತು.

ಆದರೆ ಏರುತ್ತಿದ್ದುದು ಏಕೆ? ಸುಳ್ಳು ರೂಪ ಕಂಡ ಮಾತ್ರಕ್ಕೆ ಕಂಪನ ಬೆಳೆಯಬೇಕಿಲ್ಲ. ಒಂದು ಸೆಕೆಂಡು ಹಿಡಿದಿಟ್ಟ ಟಾರ್ಕ್ ಸರಾಸರಿ ಅರ್ಧ ಸೆಕೆಂಡು ತಡವಾಗಿ ತಲುಪಿದಂತೆ. 0.93 ಹರ್ಟ್ಸ್ ಕಂಪನಕ್ಕೆ ಅರ್ಧ ಸೆಕೆಂಡು ಎಂದರೆ 167 ಡಿಗ್ರಿ, ಬಹುತೇಕ ಅರ್ಧ ಸುತ್ತು. ಬ್ರೇಕ್ ಹಾಕಬೇಕಾದ ಟಾರ್ಕ್ ಫಲಕ ಆಚೆ ಮಗ್ಗುಲಿಗೆ ಹೋದ ಮೇಲೆ ಬಂದು ಅದನ್ನು ತಳ್ಳುತ್ತಿತ್ತು. ಹಿಡಿದಿಡುವ ಕ್ರಿಯೆ ಆ ಆವರ್ತನದಲ್ಲಿ ಟಾರ್ಕನ್ನು ಹದಿಮೂರನೇ ಒಂದು ಭಾಗಕ್ಕೆ ಕುಗ್ಗಿಸುವುದರಿಂದ ತಳ್ಳುವಿಕೆ ದುರ್ಬಲ, ಏರಿಕೆ ನಿಧಾನ. ಫಲಕದ ಡ್ಯಾಂಪಿಂಗ್ ಅನುಪಾತವನ್ನು 0.001 ಎಂದು ಇಟ್ಟಿದ್ದೆ. ಅಷ್ಟು ಕಡಿಮೆ ಇದ್ದುದರಿಂದಲೇ ಆ ದುರ್ಬಲ ತಳ್ಳುವಿಕೆ ಗೆದ್ದಿತು. ಗೇನ್ ಅರ್ಧ ಮಾಡಿದಾಗ ಡ್ಯಾಂಪಿಂಗ್ ಗೆಲ್ಲುತ್ತಿತ್ತು. ಮೊದಲ ವಾರದ ಒಗಟೂ ಇದರೊಂದಿಗೇ ಬಿಡಿಸಿಕೊಂಡಿತು.

ಪರಿಹಾರ

ತಕ್ಷಣ ಮನಸ್ಸಿಗೆ ಬರುವುದು ಒಂದೇ ಆವರ್ತನವನ್ನು ಕತ್ತರಿಸಿ ಹಾಕುವ ನಾಚ್ ಫಿಲ್ಟರ್. ಸೆಕೆಂಡಿಗೊಮ್ಮೆ ಓಡುವ ಲೂಪ್‌ನಲ್ಲಿ 0.93 ಹರ್ಟ್ಸ್‌ಗೆ ನಾಚ್ ಹಾಕಲು ಬರುವುದಿಲ್ಲ, ಆ ಲೂಪ್‌ನ ಲೋಕ 0.5 ಹರ್ಟ್ಸ್‌ಗೇ ಮುಗಿಯುತ್ತದೆ. 0.07ಕ್ಕೆ ಹಾಕಿದರೆ 0.05ರ ಬ್ಯಾಂಡ್‌ವಿಡ್ತ್ ಪಕ್ಕದಲ್ಲೇ ಇರುವುದರಿಂದ ಇದ್ದ ಫೇಸ್ ಮಾರ್ಜಿನನ್ನೂ, ಅಂದರೆ ಲೂಪ್ ಅಸ್ಥಿರವಾಗುವ ಮೊದಲು ಸಹಿಸಬಲ್ಲ ತಡವನ್ನೂ, ಅದು ನುಂಗುತ್ತದೆ. ಪ್ರಯತ್ನಿಸಿದೆ, ನುಂಗಿತು.

ಕೆಲಸ ಮಾಡಿದ್ದು ಲೂಪನ್ನು ಸೆಕೆಂಡಿಗೆ 4 ಬಾರಿ ಓಡಿಸಿದ್ದು. ವಿಳಂಬ 0.125 ಸೆಕೆಂಡಿಗೆ ಇಳಿದು, 0.93 ಹರ್ಟ್ಸ್‌ನಲ್ಲಿ 42 ಡಿಗ್ರಿ ಆಯಿತು. 90ಕ್ಕಿಂತ ಕಡಿಮೆ ಇರುವವರೆಗೆ ಬ್ರೇಕ್ ಬ್ರೇಕಾಗಿಯೇ ಉಳಿಯುತ್ತದೆ. ಲೂಪ್ ವೇಗ ಹೆಚ್ಚಿಸಲು ಅವಕಾಶವಿಲ್ಲದಿದ್ದರೆ ಗೈರೊ ಅಳತೆಯನ್ನು ಒಳಗೆ ವೇಗವಾಗಿ ಪಡೆದು, ಒಂದು ಸೆಕೆಂಡಿನ ಸರಾಸರಿಯನ್ನು ಮಾತ್ರ ಲೂಪ್‌ಗೆ ಕೊಡಿ. 0.93 ಹರ್ಟ್ಸ್ ಕಂಪನ ಹದಿಮೂರನೇ ಒಂದು ಭಾಗಕ್ಕೆ ಕುಗ್ಗುತ್ತದೆ, ಬದಲಿಗೆ 0.05 ಹರ್ಟ್ಸ್‌ನಲ್ಲಿ 9 ಡಿಗ್ರಿ ಫೇಸ್ ಬಿಟ್ಟುಕೊಡಬೇಕು. ಅಗ್ಗದ ವ್ಯಾಪಾರವೇ ಸರಿ. ತಿರುಗುವ ಆದೇಶವನ್ನೂ ಒಮ್ಮೆಲೇ ಕೊಡದೆ, ವೇಗೋತ್ಕರ್ಷ ನಯವಾಗಿ ಏರಿ ಇಳಿಯುವಂತೆ ಕೊಟ್ಟರೆ ಫಲಕ ಅಷ್ಟಾಗಿ ಕೆರಳುವುದಿಲ್ಲ.

ಸರಿಪಡಿಸಿದ ಮೇಲೆ ಫಲಕದ ಆವರ್ತನವನ್ನು ಹತ್ತು ಶೇಕಡಾ ಮೇಲೆ ಕೆಳಗೆ ಸರಿಸಿ ಮತ್ತೆ ಓಡಿಸಿ. ಹಳೆಯ ಲೂಪ್‌ನಲ್ಲೂ ಇದನ್ನು ಮಾಡಿ ನೋಡಿದೆ. 0.93 ಹೋಗಿ ಸರಿಯಾಗಿ 1 ಹರ್ಟ್ಸ್ ಆದಾಗ ತೂಗಾಟ ಪೂರ್ತಿ ಕಣ್ಮರೆಯಾಯಿತು: ಪ್ರತಿ ಸೆಕೆಂಡೂ ಫಲಕ ಅದೇ ಜಾಗದಲ್ಲಿ ಸಿಗುತ್ತದೆ, ಗೈರೊ ಒಂದು ಸ್ಥಿರ ವೇಗವನ್ನು ವರದಿ ಮಾಡುತ್ತದೆ, ಕಾಲ್ಮನ್ ಫಿಲ್ಟರ್ ಅದನ್ನು ಗೈರೊದ ಬಯಾಸ್ (ಸದಾ ಇರುವ ಸ್ಥಿರ ತಪ್ಪು) ಎಂದು ಕಲಿತುಕೊಳ್ಳುತ್ತದೆ. ಚಿತ್ರ ಶಾಂತವಾಗಿತ್ತು, ಫಲಕ ಆಡುತ್ತಲೇ ಇತ್ತು.

ಈಗ ಸೆಕೆಂಡಿಗೆ 4 ಬಾರಿ ಓಡುವ ಲೂಪ್‌ನಲ್ಲಿ ನನ್ನ ಮಾದರಿ ಶಾಂತವಾಗಿದೆ. ಅದರಲ್ಲಿರುವುದು ಫಲಕದ ಮೊದಲ ಕಂಪನ ಮಾತ್ರ. ಒಂದೇ ಸಮನೆ ಇರುವ, ಒಂದು ತುದಿ ಬಿಗಿದ ಪಟ್ಟಿಯಲ್ಲಿ ಎರಡನೇ ಕಂಪನ ಮೊದಲನೆಯದರ 6.27 ಪಟ್ಟು, 0.79ಕ್ಕೆ ಅದು ಸುಮಾರು 5 ಹರ್ಟ್ಸ್. 4ರಲ್ಲಿ ಅಳೆದರೆ ಅದು 1 ಹರ್ಟ್ಸ್ ಆಸುಪಾಸಿನಲ್ಲಿ ಬಂದು ಕೂರುತ್ತದೆ, ಮೊದಲ ಕಂಪನದ ಪಕ್ಕದಲ್ಲೇ. ಈ ವಾರ ಅದನ್ನು ಸೇರಿಸುತ್ತಿದ್ದೇನೆ.